ಪತ್ತೇದಾರನ ಮನೆ

ಪತ್ತೇದಾರಿ ಕಾದಂಬರಿಯೆಂದರೆ ಪಠ್ಯಪುಸ್ತಕದೊಳಗೆ ಮುಚ್ಚಿಟ್ಟುಕೊಂಡು ಓದತಕ್ಕ ಪುಸ್ತಕವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಅದಕ್ಕೆ ದೊರೆತಿರುವ ಸ್ಥಳ ಅತ್ಯಲ್ಪ. ಈ ಪ್ರಕಾರದ ಎಲ್ಲ ಕೃತಿಗಳೂ ಉತ್ತಮವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಅವುಗಳನ್ನು ಓದುವಾಗ ನನ್ನ ಮನಸ್ಸಿನಲ್ಲಿ ಮತ್ತೆ ಮತ್ತೆ ಏಳುವ ಒಂದು ಸಣ್ಣ ಪ್ರಶ್ನೆಯನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಗುರಿ. ಕೊಲೆಗಾರನನ್ನು ಹಿಡಿದ ಮೇಲೆ ಪತ್ತೇದಾರನು ಎಲ್ಲಿಗೆ ಹೋಗುತ್ತಾನೆ? ಅವನಿಗೊಂದು ಮನೆಯಿದೆಯೇ?

ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ಪ್ರಕಾರಕ್ಕೆ ನಾಂದಿ ಹಾಡಿದವನು ಅಮೆರಿಕದ ಎಡ್ಗರ್ ಆಲನ್ ಪೋ. ಅವನ ಪತ್ತೇದಾರ ದ್ಯೂಪೆ 1841ರಲ್ಲಿ ಕಾಣಿಸಿಕೊಂಡನು. 1887ರಲ್ಲಿ ಬಂದ ಷೆರ್ಲಾಕ್ ಹೋಮ್ಸ್ ಜಗತ್ಪ್ರಸಿದ್ಧನಾದನು. ಇಬ್ಬರೂ ಅವಿವಾಹಿತರು. ಹೋಮ್ಸನಿಗೆ ಇದ್ದುದು ಬಾಡಿಗೆಯ ಕೋಣೆ, ಊಟ ಬಡಿಸಲು ಮನೆಯೊಡತಿ. ಬುದ್ಧಿಯೊಂದೇ ಬದುಕಾಗಿದ್ದವರಿಗೆ ಸಂಸಾರ ಅಡ್ಡಿಯೆಂದು ಅವರನ್ನು ಸೃಷ್ಟಿಸಿದವರು ಭಾವಿಸಿದ್ದಿರಬೇಕು.

ಈ ಸಂಪ್ರದಾಯವನ್ನು ಮುರಿದವರಲ್ಲಿ ಇಬ್ಬರನ್ನು ನೆನೆಯಬೇಕು. ಜಾರ್ಜ್ ಸಿಮೆನಾನ್ 1931ರಿಂದ ಪ್ರಕಟಿಸಿದ ಪುಸ್ತಕಗಳಲ್ಲಿ ಪ್ಯಾರಿಸಿನ ಪೊಲೀಸ್ ಅಧಿಕಾರಿ ಮೆಗ್ರೆಗೆ ಹೆಂಡತಿಯಿದ್ದಾಳೆ. ಆಕೆ ಅಡಿಗೆ ಮಾಡಿಟ್ಟು ಕಾಯುತ್ತಾಳೆ, ಅವನು ಅನೇಕ ರಾತ್ರಿ ಬರುವುದೇ ಇಲ್ಲ. ಇನ್ನೊಬ್ಬರು ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯ. 1932ರಲ್ಲಿ ಹುಟ್ಟಿದ ಅವರ ಬ್ಯೋಮಕೇಶ ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳದೆ 'ಸತ್ಯಾನ್ವೇಷಿ' ಎನ್ನುತ್ತಾನೆ. ಒಂದು ಕೊಲೆಯ ಪ್ರಕರಣದಲ್ಲಿ ಸುಕುಮಾರನೆಂಬ ಯುವಕನ ಮೇಲೆ ಸಂಶಯ ಬರುತ್ತದೆ. ಬ್ಯೋಮಕೇಶ ಅವನನ್ನು ಪಾರುಮಾಡಿ ಅವನ ತಂಗಿ ಸತ್ಯವತಿಯನ್ನು ಮದುವೆಯಾಗುತ್ತಾನೆ. ತನಿಖೆಯ ಬಾಗಿಲಿನಿಂದಲೇ ಸಂಸಾರ ಒಳಗೆ ಬಂದುದು ಅರ್ಥಪೂರ್ಣವಾಗಿದೆ.

ಇನ್ನು ಕನ್ನಡಕ್ಕೆ ಬರೋಣ. ಇಲ್ಲಿ ಮೊದಲು ಹೇಳಬೇಕಾದ ಹೆಸರು ಎನ್. ನರಸಿಂಹಯ್ಯನವರದು. 1925ರಲ್ಲಿ ಜನಿಸಿ 2011ರಲ್ಲಿ ತೀರಿಕೊಂಡ ಇವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. 'ಪತ್ತೇದಾರ ಪುರುಷೋತ್ತಮನ ಸಾಹಸ'ದಿಂದ ಆರಂಭಿಸಿ ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅಕ್ಷರ ಕೂಡಿಸಿ ಓದಬಲ್ಲವರನ್ನು ಕಾದಂಬರಿ ಓದುವವರನ್ನಾಗಿ ಮಾಡಿದ ಪುಣ್ಯ ಈ ಪುರುಷೋತ್ತಮ, ಮಧುಸೂದನ, ಅರಿಂಜಯರಿಗೆ ಸಲ್ಲಬೇಕು. ನಾನು ಓದಿರುವ ಮಟ್ಟಿಗೆ ಇವರ ಕಥೆಗಳ ಶಕ್ತಿಯಿರುವುದು ವೇಗದಲ್ಲಿ. ಆ ವೇಗದಲ್ಲಿ ಪತ್ತೇದಾರನು ಮನೆಯಲ್ಲಿ ಕುಳಿತು ಒಂದು ತುತ್ತು ಉಣ್ಣುವುದಕ್ಕೂ ಬಿಡುವಿಲ್ಲ. ಟಿ. ಕೆ. ರಾಮರಾಯರ ಸಂಗತಿ ಇನ್ನೂ ಕುತೂಹಲಕರ. ಪತ್ತೇದಾರಿ ಕಾದಂಬರಿಗಳನ್ನು ಬರೆದ ಲೇಖನಿಯೇ, 1972ರಲ್ಲಿ ಚಲನಚಿತ್ರವಾಗಿ ಮನೆಮಾತಾದ 'ಬಂಗಾರದ ಮನುಷ್ಯ'ವನ್ನೂ ಬರೆಯಿತು. ಅಕ್ಕನ ಸಂಸಾರಕ್ಕಾಗಿ ದುಡಿದವನ ಆ ಕಥೆಯನ್ನೂ ಅಪರಾಧದ ಕಥೆಯನ್ನೂ ನಮ್ಮ ಓದುಗರು ಬೇರೆಬೇರೆ ಕಪಾಟಿನಲ್ಲಿಟ್ಟುಕೊಂಡರು.

ವಾಸ್ತವದ ತನಿಖೆಯಾದರೋ ಈ ಎರಡನ್ನೂ ಬೇರ್ಪಡಿಸಲು ಬಿಡುವುದಿಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆರೋಪಿ ಸೆರೆಯಲ್ಲಿದ್ದರೆ ಅಪರಾಧದ ಗುರುತ್ವಕ್ಕನುಗುಣವಾಗಿ 60 ಅಥವಾ 90 ದಿನಗಳಲ್ಲಿ ತನಿಖೆ ಮುಗಿದು ದೋಷಾರೋಪಣ ಪಟ್ಟಿ ಸಲ್ಲಬೇಕು. ಇಲ್ಲವಾದರೆ ಜಾಮೀನು ಕೇಳುವ ಹಕ್ಕು ಅವನಿಗೆ ಬರುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡಲಾಗದೆಂದು 1872ರ ಸಾಕ್ಷ್ಯ ಅಧಿನಿಯಮ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲೂ ಆ ನಿಯಮ ಉಳಿದಿದೆ. ಅವನ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ಬೆಲೆ. ಆದ್ದರಿಂದ ಕಡೆಯ ಅಧ್ಯಾಯದಲ್ಲಿ ಎಲ್ಲರನ್ನೂ ಹಜಾರದಲ್ಲಿ ಕೂಡಿಸಿ ಅಪರಾಧಿಯ ಬಾಯಿ ಬಿಡಿಸುವ ದೃಶ್ಯ ಓದಲು ಸೊಗಸೇ ಹೊರತು ನ್ಯಾಯಾಲಯದಲ್ಲಿ ನಿಲ್ಲಲಾರದು. ಅಲ್ಲಿ ನಿಲ್ಲುವುದು ಮಹಜರು, ಪಂಚರ ಸಹಿ, ಪ್ರಯೋಗಾಲಯದ ವರದಿ, ಸಾಕ್ಷಿಗಳ ಹೇಳಿಕೆ. ಇವನ್ನೆಲ್ಲ ಕೂಡಿಸಲು ಹೊತ್ತು ಬೇಕು. ಆ ಹೊತ್ತು ಬರುವುದು ಯಾರದೋ ಮನೆಯ ಗಡಿಯಾರದಿಂದ.

ಬೆಂಗಳೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆಯುವ ಅನಿತಾ ನಾಯರ್ ಈ ಮಾತನ್ನು ಚೆನ್ನಾಗಿ ಗ್ರಹಿಸಿದ್ದಾರೆ. 2012ರ 'ಎ ಕಟ್-ಲೈಕ್ ವೂಂಡ್' ಕಾದಂಬರಿಯ ನಾಯಕ ಇನ್‌ಸ್ಪೆಕ್ಟರ್ ಬೋರೇಗೌಡ. ಐವತ್ತರ ಹೊಸ್ತಿಲಲ್ಲಿರುವ ಅವನಿಗೆ ಬಡ್ತಿಯ ಆಸೆ ಕುಗ್ಗಿದೆ. ಹೆಂಡತಿ ಮಮತಾ ಮಗನೊಡನೆ ಹಾಸನದಲ್ಲಿದ್ದಾಳೆ. ರಂಜಾನಿನ ಮೊದಲ ರಾತ್ರಿ ಶಿವಾಜಿನಗರದಲ್ಲಿ ನಡೆದ ಕೊಲೆಯ ಜಾಡು ಹಿಡಿಯಬಲ್ಲ ಅವನಿಗೆ ತನ್ನ ಮಗನ ಮನಸ್ಸಿನ ಜಾಡು ಮಾತ್ರ ಸಿಗುವುದಿಲ್ಲ. 2016ರ 'ಚೈನ್ ಆಫ್ ಕಸ್ಟಡಿ'ಯಲ್ಲಿ ಲೇಖಕಿ ಮತ್ತೊಂದು ಹೆಜ್ಜೆ ಮುಂದಿಡುತ್ತಾರೆ. ಅಲ್ಲಿ ಕಾಣೆಯಾಗುವವಳು ಅವನ ಮನೆಗೆಲಸದವಳ ಮಗಳು. ಮಕ್ಕಳ ಮಾರಾಟದ ಜಾಲವನ್ನು ಬೆನ್ನಟ್ಟುವುದು ಈಗ ಠಾಣೆಯ ಕಡತದ ಕೆಲಸವಾಗಿ ಉಳಿಯುವುದಿಲ್ಲ. ತನಗೆ ದಿನವೂ ಅನ್ನ ಬೇಯಿಸಿ ಹಾಕುವವಳಿಗೆ ಅವನು ಉತ್ತರ ಹೇಳಬೇಕಾಗಿದೆ.

ಇಲ್ಲಿ ನನ್ನ ಮನೆಯ ಮಾತನ್ನು ಎತ್ತುವುದಕ್ಕೆ ವಾಚಕರು ಕ್ಷಮಿಸಬೇಕು. ನಮ್ಮ ತಂದೆಯವರು ಹೆಡ್ ಕಾನ್‌ಸ್ಟೇಬಲ್. ಹುಡುಗರಾಗಿದ್ದಾಗ ನರಸಿಂಹಯ್ಯನವರ ಪುಸ್ತಕಗಳನ್ನು ಬಾಡಿಗೆಗೆ ತಂದು ಓದಿದವರು. ನಮ್ಮ ಮನೆಗೆ ಕಾದಂಬರಿಯೆಂಬುದು ಬಂದ ದಾರಿ ಅದೇ. ಬನಶಂಕರಿಯ ನಮ್ಮ ಬೀದಿಯಲ್ಲಿ ಪ್ರತಿವರ್ಷ ಗಣೇಶನನ್ನು ಕೂರಿಸುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಆ ಹಬ್ಬದ ದಿನ ತಂದೆಯವರು ಮನೆಯಲ್ಲಿದ್ದುದನ್ನು ನಾನು ಕಂಡಿಲ್ಲ. ಬೇರೆಯವರ ಗಣೇಶನಿಗೆ ಅವರು ಬಂದೋಬಸ್ತು. ನಮ್ಮ ತಾಯಿ ಒಂದು ಪಾತ್ರೆಯಲ್ಲಿ ಕಡುಬು ಮುಚ್ಚಿಟ್ಟು ದೀಪ ಆರಿಸದೆ ಕೂತಿರುತ್ತಾರೆ. ಬೋರೇಗೌಡನ ಕಥೆಯನ್ನು ನಾನು ಒಂದು ಸಂಜೆ ಕನ್ನಡದಲ್ಲಿ ಅವರಿಬ್ಬರಿಗೂ ಹೇಳಿದೆ. ತಂದೆಯವರು ಕೊಲೆಗಾರ ಯಾರೆಂದು ಕೇಳಿದರು. ತಾಯಿ ಕೇಳಿದ್ದು, "ಆ ಹಾಸನದಲ್ಲಿರೋ ಹೆಂಗಸು ಕೊನೆಗೆ ಬಂದಳಾ?" ಎಂದು. ನನ್ನ ಈ ಲೇಖನ ಹುಟ್ಟಿದ್ದು ಅವರ ಆ ಪ್ರಶ್ನೆಯಿಂದ.

ತನಿಖೆ ಮತ್ತು ಸಂಸಾರಗಳ ಸಮತೋಲವೆಂದರೆ ಪುಟಗಳನ್ನು ಸಮವಾಗಿ ಹಂಚುವುದಲ್ಲ. ಕೊಲೆಯ ನಡುವೆ ಒಂದು ಊಟದ ದೃಶ್ಯ, ಒಂದು ಜಗಳದ ದೃಶ್ಯ ಸೇರಿಸಿದರೆ ಅದು ಬರಿಯ ಒಗ್ಗರಣೆಯಾದೀತು. ಇದಕ್ಕೆ ನಾನು ಕಂಡುಕೊಂಡ ಪರೀಕ್ಷೆ ಸರಳವಾದುದು. ಕಥೆಯಿಂದ ಮನೆಯನ್ನು ತೆಗೆದುಬಿಡಿ. ಆಗಲೂ ರಹಸ್ಯ ಹಾಗೆಯೇ ನಿಂತರೆ ಮನೆ ಅಲಂಕಾರಕ್ಕೆ ಇತ್ತೆಂದು ತಿಳಿಯಬೇಕು. ಸತ್ಯವತಿಯಿಲ್ಲದೆ ಸುಕುಮಾರನ ಪ್ರಕರಣಕ್ಕೆ ಜೀವವಿಲ್ಲ. ಮನೆಗೆಲಸದ ತಾಯಿಯ ಸಂಕಟವಿಲ್ಲದೆ ಬೋರೇಗೌಡನ ಎರಡನೆಯ ಕಾದಂಬರಿಗೂ ಜೀವವಿಲ್ಲ. ಕೊಲೆಯೆಂದರೆ ಒಂದು ಸಂಸಾರ ಒಡೆದುದು. ಅದಕ್ಕೆ ನ್ಯಾಯ ಒದಗಿಸಲು ಮತ್ತೊಂದು ಸಂಸಾರ ಎಷ್ಟು ತೆರಬೇಕು ಎಂಬ ಲೆಕ್ಕವನ್ನು ಉತ್ತಮ ಪತ್ತೇದಾರಿ ಕಾದಂಬರಿ ಮರೆಯುವುದಿಲ್ಲ.

ನಾಲ್ಕನೆಯ ತರಗತಿ ಓದಿದವರೊಬ್ಬರು ಐನೂರು ಪುಸ್ತಕ ಬರೆದು ನಮ್ಮ ಹಿರಿಯರಿಗೆ ಓದು ಕಲಿಸಿದರು. ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಆ ಪುಸ್ತಕಗಳನ್ನು ಹಗುರವಾಗಿ ಕಂಡರೆ ಸಾಲದು. ನಮ್ಮ ತರಗತಿಗಳಲ್ಲಿಯೇ ಪೇದೆಗಳ ಮಕ್ಕಳು, ಠಾಣೆಯ ಬರಹಗಾರರ ಮಕ್ಕಳು, ಹೋಮ್‌ಗಾರ್ಡುಗಳ ಮಕ್ಕಳು ಹಲವರಿದ್ದಾರೆ. ಲಾಠಿಯನ್ನು ಬಾಗಿಲ ಮೂಲೆಗೆ ಒರಗಿಸಿ, ಬೂಟು ಬಿಚ್ಚಿ, ತಣ್ಣಗಾದ ಅನ್ನದ ಮುಂದೆ ಕೂಡುವವರನ್ನು ನೋಡುತ್ತ ಬೆಳೆದವರು ಇವರು. ಇವರಲ್ಲಿ ಯಾರಾದರೊಬ್ಬರು ಲೇಖನಿ ಹಿಡಿದು ಕನ್ನಡದ ಪತ್ತೇದಾರನನ್ನು ಒಮ್ಮೆ ಅವನ ಮನೆಗೆ ಕರೆತರಲಿ. ಅಲ್ಲಿ ಅವನಿಗಾಗಿ ದೀಪ ಹಚ್ಚಿಟ್ಟುಕೊಂಡು ಕಾಯುತ್ತಿರುವವರಿದ್ದಾರೆ.