ಮೊದಲ ಫ್ಲ್ಯಾಟ್ ಮತ್ತು ಅಂಗಡಿಯ ಗಲ್ಲಾ: ವ್ಯಾಪಾರಿಯ ಗೃಹ ಮುಂಗಡಪತ್ರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಫ್ಲ್ಯಾಟುಗಳಿರಲಿಲ್ಲ. ಇಂದು ಮನೆ ಕಟ್ಟುವವರಿಗಿಂತ ಕಟ್ಟಿದ ಮನೆಯನ್ನು ಕೊಳ್ಳುವವರೇ ಹೆಚ್ಚಾಗುತ್ತಿದ್ದಾರೆ. ಆದರೂ ಗಾದೆಯ ಎಚ್ಚರಿಕೆ ಹಳೆಯದಾಗಿಲ್ಲ. ಸಂಬಳದಾರನ ಲೆಕ್ಕ ತಪ್ಪಿದರೆ ಅವನ ಮನೆಖರ್ಚಿಗಷ್ಟೇ ಕುತ್ತು. ವ್ಯಾಪಾರಿಯ ಅಥವಾ ಸಣ್ಣ ಕೈಗಾರಿಕೋದ್ಯಮಿಯ ಲೆಕ್ಕ ತಪ್ಪಿದರೆ ಮನೆಯ ಜೊತೆಗೆ ಅಂಗಡಿಯೂ ಅಲುಗಾಡುತ್ತದೆ. ಏಕೆಂದರೆ ಅವನ ಹಣ ದಾಸ್ತಾನಿನಲ್ಲಿ, ಉದರಿಯಲ್ಲಿ ಮತ್ತು ಬ್ಯಾಂಕಿನ ಸಿ.ಸಿ. ಖಾತೆಯಲ್ಲಿ ಬೆರೆತಿರುತ್ತದೆ. ಅದರಲ್ಲಿ ತನ್ನದೆಷ್ಟು, ವ್ಯಾಪಾರದ್ದೆಷ್ಟು ಎಂಬುದನ್ನು ಬೇರ್ಪಡಿಸದೆ ಮೊದಲ ಫ್ಲ್ಯಾಟಿಗೆ ಮುಂಗಡ ಕೊಡುವುದೇ ಬಹುಪಾಲು ತೊಂದರೆಗಳ ಮೂಲ.

ಒಂದು ಉದಾಹರಣೆ

ದಾವಣಗೆರೆಯ ಒಬ್ಬ ಜವಳಿ ವ್ಯಾಪಾರಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಈತ ಬಾಡಿಗೆ ಮನೆಯಲ್ಲಿದ್ದಾನೆ. ಬಾಡಿಗೆ ತಿಂಗಳಿಗೆ ರೂ. 12,000. ತೆರಿಗೆ ಕಳೆದು ಮೂರು ವರ್ಷಗಳ ಸರಾಸರಿ ಲಾಭ ತಿಂಗಳಿಗೆ ರೂ. 1 ಲಕ್ಷ. ಲೆಕ್ಕಪತ್ರದಲ್ಲಿ ‘ಡ್ರಾಯಿಂಗ್ಸ್’ ಎಂದು ಬರೆಯುವ ಸ್ವಂತ ಖರ್ಚಿನ ಮೊತ್ತ ರೂ. 80,000, ಉಳಿದ ರೂ. 20,000 ವ್ಯಾಪಾರದಲ್ಲೇ ಉಳಿಯುತ್ತದೆ. ಬ್ಯಾಂಕಿನಲ್ಲಿ ರೂ. 14 ಲಕ್ಷ ನಿಶ್ಚಿತ ಠೇವಣಿ ಇದೆ. ಮೂರು ವೈಯಕ್ತಿಕ ಸಾಲಗಳೂ ಇವೆ: ಕ್ರೆಡಿಟ್ ಕಾರ್ಡ್ ಬಾಕಿ ರೂ. 80,000, ಕೈಗಡ ರೂ. 1,50,000, ಚಿನ್ನದ ಸಾಲ ರೂ. 2,00,000. ಸ್ವಾಧೀನಾನುಭವ ಪತ್ರ ದೊರೆತಿರುವ ರೂ. 48 ಲಕ್ಷದ ಹೊಸ ಫ್ಲ್ಯಾಟೊಂದು ಮನೆಮಂದಿಗೆ ಮೆಚ್ಚುಗೆಯಾಗಿದೆ. ಬ್ಯಾಂಕು ಶೇ. 80ರಷ್ಟು ಸಾಲ ಕೊಡಲು ಒಪ್ಪಿದೆ. ‘ಕೈಯಿಂದ ರೂ. 9,60,000 ಹಾಕಿದರಾಯಿತು, 14 ಲಕ್ಷ ಇದ್ದೇ ಇದೆ’ ಎಂದು ವ್ಯಾಪಾರಿ ಭಾವಿಸುತ್ತಾನೆ. ಮೊದಲ ತಪ್ಪು ಇಲ್ಲೇ ಆಗುತ್ತದೆ.

ಬೆಲೆ ಬೇರೆ, ವೆಚ್ಚ ಬೇರೆ

ಮುದ್ರಾಂಕ ಹಾಗೂ ನೋಂದಣಿ ಶುಲ್ಕಗಳನ್ನು ಬ್ಯಾಂಕುಗಳು ಸಾಮಾನ್ಯವಾಗಿ ಮನೆಯ ಬೆಲೆಗೆ ಸೇರಿಸಿ ಸಾಲ ಲೆಕ್ಕ ಹಾಕುವುದಿಲ್ಲ. ಅವನ್ನು ಕೊಳ್ಳುವವನೇ ಭರಿಸಬೇಕು. ಕರ್ನಾಟಕದಲ್ಲಿ ರೂ. 45 ಲಕ್ಷಕ್ಕೆ ಮೇಲ್ಪಟ್ಟ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರಿ ನಗರ ಪ್ರದೇಶದಲ್ಲಿ ಶೇ. 5.6 ಆಗುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಕ್ರಯದ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ದರ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಇವುಗಳನ್ನು ಲೆಕ್ಕ ಹಾಕಲಾಗುತ್ತದೆ. ಸ್ವಾಧೀನಾನುಭವ ಪತ್ರ ದೊರೆತ ನಂತರ ಮಾರಾಟವಾಗುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ನಿರ್ಮಾಣ ಹಂತದಲ್ಲಿರುವುದಕ್ಕೆ ಶೇ. 5, ಕೈಗೆಟುಕುವ ವಸತಿಯ ವ್ಯಾಖ್ಯೆಗೆ ಒಳಪಟ್ಟರೆ ಶೇ. 1.

ಈ ವ್ಯಾಪಾರಿ ಹೊಸ ಮನೆಯಲ್ಲಿ ದೀಪ ಹಚ್ಚುವ ದಿನದವರೆಗೆ ಕೈಯಿಂದ ಹಾಕಬೇಕಾದ ಹಣದ ಅಂದಾಜು ಹೀಗಿದೆ:

ಮಾರ್ಜಿನ್ ಹಣ – ರೂ. 9,60,000
ಮುದ್ರಾಂಕ, ಸೆಸ್, ಅಧಿಭಾರ, ನೋಂದಣಿ – ರೂ. 3,64,800
ಬ್ಯಾಂಕಿನ ಪರಿಷ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಇತ್ಯಾದಿ – ರೂ. 40,000
ಅಡುಗೆಮನೆ, ಕಪಾಟು, ಗ್ರಿಲ್, ವಿದ್ಯುತ್ ಉಪಕರಣ – ರೂ. 3,50,000
ನಿವಾಸಿಗಳ ಸಂಘದ ಠೇವಣಿ ಹಾಗೂ ಮುಂಗಡ ನಿರ್ವಹಣಾ ವೆಚ್ಚ – ರೂ. 60,000
ಗೃಹಪ್ರವೇಶ ಮತ್ತು ಸಾಮಾನು ಸಾಗಾಟ – ರೂ. 75,000
ಎರಡು ಮನೆಗಳನ್ನು ಒಟ್ಟಿಗೆ ನಡೆಸುವ ಎರಡು ತಿಂಗಳ ಬಾಡಿಗೆ – ರೂ. 24,000
ಒಟ್ಟು – ರೂ. 18,73,800

ಅಂದರೆ ಬೇಕಾದದ್ದು ಮಾರ್ಜಿನ್ ಹಣದ ಸುಮಾರು ಎರಡರಷ್ಟು. ಇಡೀ ಠೇವಣಿಯನ್ನು ಮುರಿದರೂ ರೂ. 4,73,800 ಕೊರತೆ. ಇದು ತಿಳಿಯುವ ಹೊತ್ತಿಗೆ ಕರಾರು ಮುಗಿದಿರುತ್ತದೆ, ಬಡಗಿ ಕೆಲಸ ಆರಂಭಿಸಿರುತ್ತಾನೆ. ಆಗ ಕಣ್ಣಿಗೆ ಬೀಳುವುದು ಸಿ.ಸಿ. ಖಾತೆ.

ಸಿ.ಸಿ. ಖಾತೆ ಉಳಿತಾಯವಲ್ಲ

ಈ ಖಾತೆಯಲ್ಲಿ ದಾಸ್ತಾನು ಮತ್ತು ಉದರಿ ಬಾಕಿಗಳ ಆಧಾರದ ಮೇಲಿನ ಡ್ರಾಯಿಂಗ್ ಪವರ್ ರೂ. 16 ಲಕ್ಷ, ಬಳಸಿದ್ದು ರೂ. 11 ಲಕ್ಷ ಎಂದಿಟ್ಟುಕೊಳ್ಳೋಣ. ಉಳಿದ ರೂ. 5 ಲಕ್ಷ ಸುಮ್ಮನೆ ಬಿದ್ದಿರುವ ಹಣದಂತೆ ತೋರುತ್ತದೆ. ವಾಸ್ತವವಾಗಿ ಅದು ದಸರಾ, ದೀಪಾವಳಿಗೆ ಮುನ್ನ ಮಾಲು ತುಂಬಲು ಕಾದಿರುವ ಶಕ್ತಿ. ಅದನ್ನು ಫ್ಲ್ಯಾಟಿಗೆ ಹಾಕಿದರೆ ನಾಲ್ಕು ದಿಕ್ಕಿನಿಂದ ಪೆಟ್ಟು ಬೀಳುತ್ತದೆ.

ಒಂದು: ಬ್ಯಾಂಕು ದುಡಿಯುವ ಬಂಡವಾಳಕ್ಕೆಂದು ಕೊಟ್ಟ ಹಣವನ್ನು ಅನ್ಯ ಉದ್ದೇಶಕ್ಕೆ ತಿರುಗಿಸಿದಂತಾಗುತ್ತದೆ. ಮಂಜೂರಾತಿ ಪತ್ರದ ಷರತ್ತು ಇದಕ್ಕೆ ಅವಕಾಶ ಕೊಡುವುದಿಲ್ಲ.

ಎರಡು: ಖಾತೆಯಲ್ಲಿ ಉಳಿಯುವುದು ರೂ. 26,200 ಮಾತ್ರ. ಶೇ. 25 ಮಾರ್ಜಿನ್ ಇರುವ ಖಾತೆಯಲ್ಲಿ ರೂ. 2 ಲಕ್ಷದ ದಾಸ್ತಾನು ಕಡಿಮೆಯಾದರೆ ಡ್ರಾಯಿಂಗ್ ಪವರ್ ರೂ. 1,50,000 ಇಳಿಯುತ್ತದೆ, ಖಾತೆ ಮಿತಿ ಮೀರುತ್ತದೆ. ಹೀಗೆ 90 ದಿನ ನಿರಂತರವಾಗಿ ಮಿತಿ ಮೀರಿದ ಖಾತೆಯನ್ನು ಬ್ಯಾಂಕು ಅನುತ್ಪಾದಕ ಆಸ್ತಿಯೆಂದು ವರ್ಗೀಕರಿಸಬೇಕಾಗುತ್ತದೆ.

ಮೂರು: ಸ್ವಂತ ಮನೆಗೆ ಬಳಸಿದ ಮೊತ್ತದ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ.

ನಾಲ್ಕು: ಸರಬರಾಜುದಾರರಿಗೆ ಪಾವತಿ ತಡವಾಗುತ್ತದೆ. ತಿಂಗಳಿಗೆ ರೂ. 6 ಲಕ್ಷದ ಖರೀದಿಯಲ್ಲಿ ಶೇ. 2ರ ನಗದು ರಿಯಾಯಿತಿ ಕೈತಪ್ಪಿದರೆ ವರ್ಷಕ್ಕೆ ರೂ. 1,44,000 ನಷ್ಟ. ಸರಬರಾಜುದಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕನಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಲಿಖಿತ ಕರಾರಿದ್ದರೂ 45 ದಿನ ಮೀರಿದ ಬಾಕಿಗೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕಾಗುತ್ತದೆ.

ಮಾಸಿಕ ಲೆಕ್ಕ ಇನ್ನೂ ನಿಷ್ಠುರವಾಗಿದೆ. ರೂ. 38,40,000 ಸಾಲಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ರೂ. 33,325. ಮನೆಖರ್ಚು ರೂ. 27,000, ಫ್ಲ್ಯಾಟಿನ ನಿರ್ವಹಣೆ ಮತ್ತು ಆಸ್ತಿ ತೆರಿಗೆ ರೂ. 3,500, ವಿಮೆ ರೂ. 3,000, ಹಳೆಯ ಮೂರು ಸಾಲಗಳ ಬಡ್ಡಿಯೇ ರೂ. 7,800, ಸಿ.ಸಿ.ಯಿಂದ ತೆಗೆದ ಹಣಕ್ಕೆ ಶೇ. 10.5ರಂತೆ ಬಡ್ಡಿ ಸುಮಾರು ರೂ. 4,146. ಒಟ್ಟು ರೂ. 78,771. ರೂ. 80,000ದಲ್ಲಿ ಉಳಿಯುವುದು ರೂ. 1,229. ಹಳೆಯ ಸಾಲದ ಅಸಲು ಒಂದು ರೂಪಾಯಿಯೂ ಕರಗಿಲ್ಲ, ಕೈಯಲ್ಲಿ ಠೇವಣಿ ಇಲ್ಲ. ಮನೆಯಲ್ಲಿ ಒಬ್ಬರು ಆಸ್ಪತ್ರೆಗೆ ಸೇರಿದರೆ ಅಥವಾ ಒಂದು ಆಷಾಢ ಮಂದವಾದರೆ ಸಂಸಾರ ಮತ್ತೆ ಕೈಗಡಕ್ಕೆ ಮರಳುತ್ತದೆ.

ಮೊದಲು ಹಳೆಯ ಸಾಲ

ಸಾಲಗಳನ್ನು ಮೊತ್ತದ ಕ್ರಮದಲ್ಲಲ್ಲ, ವಾರ್ಷಿಕ ಬಡ್ಡಿಯ ಕ್ರಮದಲ್ಲಿ ಬರೆದುಕೊಳ್ಳತಕ್ಕದ್ದು. ತಿಂಗಳಿಗೆ ಶೇ. 3.5 ವಿಧಿಸುವ ಕಾರ್ಡಿನ ವಾರ್ಷಿಕ ದರ ಶೇ. 42. ‘ನೂರಕ್ಕೆ ಎರಡು ರೂಪಾಯಿ’ ಎಂದು ಹಗುರವಾಗಿ ಹೇಳುವ ಕೈಗಡದ ದರ ಶೇ. 24. ಚಿನ್ನದ ಸಾಲ ಶೇ. 12 ಎಂದಿಟ್ಟುಕೊಂಡರೆ ಗೃಹಸಾಲವೇ ಎಲ್ಲಕ್ಕಿಂತ ಅಗ್ಗ. ದುಬಾರಿ ಸಾಲವನ್ನು ಉಳಿಸಿಕೊಂಡು ಅಗ್ಗದ ಸಾಲಕ್ಕೆ ಮುಂಗಡ ಕೂಡಿಡುವುದು ತಲೆಕೆಳಗಾದ ಲೆಕ್ಕ.

ಠೇವಣಿಯ ಮೇಲಿನ ಮೋಹವನ್ನೂ ಇಲ್ಲಿ ಪರೀಕ್ಷಿಸಬೇಕು. ಮೂರು ಸಾಲಗಳ ಒಟ್ಟು ಮೊತ್ತ ರೂ. 4,30,000, ಅವುಗಳ ಬಡ್ಡಿ ವರ್ಷಕ್ಕೆ ರೂ. 93,600. ಅಷ್ಟೇ ಹಣ ಠೇವಣಿಯಲ್ಲಿದ್ದರೆ ಶೇ. 6.5ರಂತೆ ಬರುವುದು ರೂ. 27,950, ಅದಕ್ಕೂ ತೆರಿಗೆ ಉಂಟು. ಆದುದರಿಂದ ಠೇವಣಿಯ ಅಷ್ಟು ಭಾಗವನ್ನು ಮುರಿದು ಮೂರನ್ನೂ ಒಮ್ಮೆಲೇ ತೀರಿಸುವುದೇ ಲೇಸು. ಒಡವೆ ಮನೆಗೆ ಬರುತ್ತದೆ; ಠೇವಣಿ ರೂ. 9,70,000ಕ್ಕೆ ಇಳಿಯುತ್ತದೆ.

ಕಂತಿನ ಪೂರ್ವಾಭ್ಯಾಸ

ಈಗ ಬಾಡಿಗೆ, ಮನೆಖರ್ಚು, ವಿಮೆ ಸೇರಿ ರೂ. 42,000 ಹೋಗುತ್ತದೆ. ರೂ. 80,000ದಲ್ಲಿ ಉಳಿದ ರೂ. 38,000ವನ್ನು ಪ್ರತಿ ತಿಂಗಳ 5ನೇ ತಾರೀಖಿನಂದು ಪ್ರತ್ಯೇಕ ಖಾತೆಗೆ ಹಾಕತಕ್ಕದ್ದು. ಇದು ಉಳಿತಾಯವೂ ಹೌದು, ಕಂತು ಕಟ್ಟುವ ಪೂರ್ವಾಭ್ಯಾಸವೂ ಹೌದು. ದೀಪಾವಳಿಯ ತಿಂಗಳಲ್ಲಿ ಕಟ್ಟುವುದು ಸುಲಭ. ಆಷಾಢದಲ್ಲಿ ಅಂಗಡಿಯ ಗಲ್ಲಾಕ್ಕೆ ಕೈಹಾಕದೆ ಕಟ್ಟಲಾಯಿತೇ ಎಂಬುದೇ ಪರೀಕ್ಷೆ. ಒಂದು ಪೂರ್ಣ ವರ್ಷ ಇದನ್ನು ನಡೆಸಲಾಗದಿದ್ದರೆ ಇಪ್ಪತ್ತು ವರ್ಷದ ಕಂತಿಗೆ ಸಹಿ ಹಾಕುವ ಕಾಲ ಇನ್ನೂ ಬಂದಿಲ್ಲವೆಂದೇ ಅರ್ಥ.

ಸ್ವಂತ ಖರ್ಚಿನ ಮೊತ್ತ ಎಲ್ಲ ತಿಂಗಳೂ ಒಂದೇ ಆಗಿರಬೇಕು. ಸುಗ್ಗಿಯ ತಿಂಗಳ ಹೆಚ್ಚುವರಿ ಲಾಭ ಮಂದ ತಿಂಗಳಿಗೆ ಮೀಸಲು, ಹೊಸ ಸೋಫಾಕ್ಕಲ್ಲ.

ಫ್ಲ್ಯಾಟಿನ ಗಾತ್ರ ನಿರ್ಧರಿಸುವುದು

ಮೂರು ತಿಂಗಳ ಕಂತು ಮತ್ತು ಮನೆಖರ್ಚಿಗೆಂದು ರೂ. 2 ಲಕ್ಷವನ್ನು ಮುಟ್ಟದೆ ಇಡುವುದಾದರೆ, ರೂ. 48 ಲಕ್ಷದ ಫ್ಲ್ಯಾಟಿಗೆ ಇನ್ನೂ ರೂ. 11,03,800 ಕೂಡಿಸಬೇಕು, ಸುಮಾರು 29 ತಿಂಗಳು ಹಿಡಿಯುತ್ತದೆ.

ರೂ. 40 ಲಕ್ಷದ ಫ್ಲ್ಯಾಟಿನ ಲೆಕ್ಕ ಬೇರೆ. ರೂ. 35 ಲಕ್ಷದಿಂದ 45 ಲಕ್ಷದವರೆಗಿನ ಫ್ಲ್ಯಾಟುಗಳ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕವನ್ನು 2021ರಲ್ಲಿ ಶೇ. 3ಕ್ಕೆ ಇಳಿಸಲಾಯಿತು. ಅದರಂತೆ ಮುದ್ರಾಂಕ, ಸೆಸ್, ಅಧಿಭಾರ, ನೋಂದಣಿ ಸೇರಿ ರೂ. 2,14,400. ಮಾರ್ಜಿನ್ ರೂ. 8 ಲಕ್ಷ. ಮರಗೆಲಸವನ್ನು ಅಡುಗೆಮನೆ ಮತ್ತು ಒಂದು ಕೋಣೆಗೆ ಸೀಮಿತಗೊಳಿಸಿ ರೂ. 1,75,000, ಗೃಹಪ್ರವೇಶವನ್ನು ಮನೆಮಟ್ಟಿಗೆ ಮಾಡಿ ಸಾಗಾಟ ಸೇರಿ ರೂ. 40,000, ಉಳಿದ ಬಾಬುಗಳು ಮೊದಲಿನಂತೆಯೇ. ಒಟ್ಟು ರೂ. 13,53,400. ಮೀಸಲು ನಿಧಿ ಸೇರಿಸಿದರೂ 16 ತಿಂಗಳಲ್ಲಿ ಕೂಡುತ್ತದೆ. ಸಿ.ಸಿ. ಖಾತೆಯನ್ನು ಮುಟ್ಟುವ ಪ್ರಶ್ನೆಯೇ ಬಾರದು.

ರೂ. 32 ಲಕ್ಷ ಸಾಲದ ಕಂತು ಸುಮಾರು ರೂ. 27,770. ನಿರ್ವಹಣೆ, ಮನೆಖರ್ಚು, ವಿಮೆ ಸೇರಿ ರೂ. 61,270. ಮನೆಗೆ ಹೋದ ಮೇಲೂ ತಿಂಗಳಿಗೆ ರೂ. 18,730 ಉಳಿಯುತ್ತದೆ. ಎರಡು ಫ್ಲ್ಯಾಟುಗಳ ನಡುವಿನ ವ್ಯತ್ಯಾಸ ಒಂದು ಕೋಣೆಯದಾಗಿರಬಹುದು. ಎರಡು ಮುಂಗಡಪತ್ರಗಳ ನಡುವಿನ ವ್ಯತ್ಯಾಸ ರಾತ್ರಿಯ ನಿದ್ರೆಯದು.

ಕಂತು ಆರಂಭವಾದ ಮೇಲೆ

ಉಳಿಯುವ ಹಣದಲ್ಲಿ ತಿಂಗಳಿಗೆ ರೂ. 5,000ವನ್ನು ಮೊದಲ ತಿಂಗಳಿನಿಂದಲೇ ಅಸಲಿಗೆ ಹೆಚ್ಚುವರಿಯಾಗಿ ಕಟ್ಟಿದರೆ, ಬಡ್ಡಿದರ ಬದಲಾಗದಿದ್ದಲ್ಲಿ, 240 ತಿಂಗಳ ಸಾಲ ಸುಮಾರು 167 ತಿಂಗಳಲ್ಲಿ ತೀರುತ್ತದೆ. ಉಳಿಯುವ ಬಡ್ಡಿ ಸುಮಾರು ರೂ. 12 ಲಕ್ಷ. ವ್ಯಕ್ತಿಗಳು ಪಡೆದ ಚರ ಬಡ್ಡಿದರದ ಗೃಹಸಾಲದ ಅವಧಿಪೂರ್ವ ಪಾವತಿಗೆ ದಂಡ ವಿಧಿಸುವಂತಿಲ್ಲ. 2026ರ ಜನವರಿ 1ರ ನಂತರ ವಾಣಿಜ್ಯ ಬ್ಯಾಂಕುಗಳು ಮಂಜೂರು ಮಾಡಿದ ಅಥವಾ ನವೀಕರಿಸಿದ, ವ್ಯಕ್ತಿಗಳ ಹಾಗೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಚರ ದರದ ವ್ಯಾಪಾರಿ ಸಾಲಗಳಿಗೂ ರಿಸರ್ವ್ ಬ್ಯಾಂಕ್ ಈ ರಕ್ಷಣೆಯನ್ನು ವಿಸ್ತರಿಸಿದೆ.

ಬಡ್ಡಿದರ ಇಳಿದಾಗ ಕಂತನ್ನು ಇಳಿಸಿಕೊಳ್ಳದೆ ಅವಧಿಯನ್ನು ಇಳಿಸಿಕೊಳ್ಳುವುದು ಜಾಣತನ. ಏರಿದಾಗ ಬ್ಯಾಂಕು ಅವಧಿಯನ್ನು ಎಷ್ಟು ವಿಸ್ತರಿಸಿದೆ ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಸಾಲ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕೆಂಬ, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ ರೂ. 5,000 ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ತೆರಿಗೆ ಮತ್ತು ದಾಖಲೆ

ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ ರೂ. 2 ಲಕ್ಷದವರೆಗಿನ ಕಡಿತ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಲಭ್ಯ. ಹೊಸ ಪದ್ಧತಿಯಲ್ಲಿ ಇಲ್ಲ. ವ್ಯಾಪಾರದ ಆದಾಯವುಳ್ಳವರು ವರ್ಷ ವರ್ಷವೂ ಪದ್ಧತಿ ಬದಲಾಯಿಸುವಂತಿಲ್ಲ. ಆದುದರಿಂದ ಎರಡೂ ಲೆಕ್ಕ ಮಾಡಿ ನೋಡುವ ಮೊದಲೇ ‘ತೆರಿಗೆ ಉಳಿಯುತ್ತದೆ’ ಎಂಬ ಸಾಲನ್ನು ಮುಂಗಡಪತ್ರದಲ್ಲಿ ಬರೆಯಕೂಡದು.

ಸ್ಥಿರಾಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ನಿಷಿದ್ಧ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟ ವ್ಯಾಪಾರಿಯೂ ಆ ಹಣದ ಮೂಲವನ್ನು ವಿವರಿಸಬೇಕಾಗುತ್ತದೆ. ಬೆಲೆ ರೂ. 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವನೇ ಶೇ. 1 ತೆರಿಗೆಯನ್ನು ಮೂಲದಲ್ಲಿ ಕಡಿತ ಮಾಡಿ ಕಟ್ಟಬೇಕು. ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಉಪಸಂಹಾರ

ಒಟ್ಟಿನಲ್ಲಿ ಮೊದಲ ಫ್ಲ್ಯಾಟ್ ಕೊಳ್ಳುವ ವ್ಯಾಪಾರಿ ಪಾಲಿಸಬೇಕಾದ ಕ್ರಮ ಇಷ್ಟು: ಸ್ವಂತ ಖರ್ಚಿನ ಮೊತ್ತವನ್ನು ನಿಗದಿಪಡಿಸುವುದು, ದುಬಾರಿ ಸಾಲವನ್ನು ಮೊದಲು ತೀರಿಸುವುದು, ಬೆಲೆಯನ್ನಲ್ಲ, ದೀಪ ಹಚ್ಚುವ ದಿನದವರೆಗಿನ ಪೂರ್ಣ ವೆಚ್ಚವನ್ನು ಬರೆಯುವುದು, ಆಷಾಢವನ್ನೂ ಸೇರಿಸಿ ಒಂದು ವರ್ಷ ಕಂತಿನ ಅಭ್ಯಾಸ ನಡೆಸುವುದು, ಮೂರು ತಿಂಗಳ ಮೀಸಲು ಇಟ್ಟುಕೊಂಡೇ ಕೀಲಿಕೈ ಪಡೆಯುವುದು. ಮನೆಯ ಕಂತನ್ನು ಕಟ್ಟುವುದು ಅಂಗಡಿಯ ಲಾಭ. ಆ ಲಾಭವನ್ನು ತರುವ ಬಂಡವಾಳವನ್ನೇ ಗೋಡೆಯಾಗಿ ಪರಿವರ್ತಿಸಿದರೆ ಮುಂದಿನ ಕಂತು ಎಲ್ಲಿಂದ ಬರಬೇಕು? ಹದಿನಾರು ತಿಂಗಳು ತಡವಾಗಿ ಮಾಡಿದ ಗೃಹಪ್ರವೇಶದಿಂದ ಯಾವ ವ್ಯಾಪಾರಿಯೂ ಕೆಟ್ಟಿಲ್ಲ.