ಬಿಸಿಲುಕೋಲು ಎಲ್ಲಿಂದ ಬಂತು?

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಕೊನೆಯ ಸೆಮಿಸ್ಟರಿಗೆ ನಾವು ಐದು ಜನ ಸೇರಿ ಹತ್ತು ನಿಮಿಷದ ಕಿರುಚಿತ್ರ ಮಾಡಬೇಕು. ಮಾರಾಟವಾದ ಹಳೆಯ ತೊಟ್ಟಿಮನೆಯಲ್ಲಿ ಅಜ್ಜಿ, ಮೊಮ್ಮಗಳು ಕಳೆಯುವ ಕೊನೆಯ ರಾತ್ರಿ ನಮ್ಮ ಕಥೆ. ಮನೆ ನಮಗೆ ಎರಡೇ ದಿನ ಸಿಗುತ್ತದೆ. ತಂಡದಲ್ಲಿ ಒಬ್ಬ ‘ಗುರುದತ್ ಥರ ತೆಗೆಯೋಣ’ ಎನ್ನುತ್ತಾನೆ, ಒಬ್ಬಳು ಓಝು ಎನ್ನುತ್ತಾಳೆ, ಮತ್ತೊಬ್ಬ ಕಿಯರೊಸ್ತಮಿ. ದೊಡ್ಡ ನಿರ್ದೇಶಕರಿಂದ ನಕಲಾಗದ ಹಾಗೆ ಕಲಿಯುವುದು ಹೇಗೆ? ಮೊಬೈಲ್ ಕ್ಯಾಮೆರಾ ಸಾಕೇ?
— ಒಬ್ಬ ಓದುಗರು, ಸಾಗರ

ಉತ್ತರ: ಮೂವರೂ ಹೆಸರು ಹೇಳಿದ್ದಾರೆ, ದೃಶ್ಯವನ್ನು ಯಾರೂ ಹೇಳಿಲ್ಲ. ಮೊದಲು ಅದನ್ನು ಕೇಳಿ. ಗುರುದತ್ ಎಂದವನ ತಲೆಯಲ್ಲಿರುವುದು ಬಹುಶಃ ‘ಕಾಗಜ್ ಕೆ ಫೂಲ್’ (1959) ಚಿತ್ರದ ಆ ಬಿಸಿಲುಕೋಲು: ಖಾಲಿ ಸ್ಟುಡಿಯೊದ ಕತ್ತಲಿಗೆ ಮೇಲಿನಿಂದ ಓರೆಯಾಗಿ ಇಳಿಯುವ ದಪ್ಪನೆಯ ಬೆಳಕು. ಅದನ್ನು ಸೆರೆಹಿಡಿದವರು ನಮ್ಮ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ. ಸ್ಟುಡಿಯೊ ದೀಪದ ಬೆಳಕು ದೂರ ಹೋದಷ್ಟೂ ಅಗಲವಾಗುತ್ತದೆ, ಸೂರ್ಯನ ಕಿರಣ ಮಾತ್ರ ಸಮಾನಾಂತರವಾಗಿ ಬರುತ್ತದೆ. ಹಾಗಾಗಿ ಮೂರ್ತಿಯವರು ಹೊರಗಿನ ಬಿಸಿಲನ್ನೇ ಒಂದು ದೊಡ್ಡ ಕನ್ನಡಿಯಿಂದ ಒಳಗೆ ತಿರುಗಿಸಿ, ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಯಿಂದ ಕೆಳಗಿಳಿಸಿದರು. ಗಾಳಿಯಲ್ಲಿ ಹೊಗೆಯೋ ದೂಳೋ ಇದ್ದರಷ್ಟೇ ಅಂಥ ಕೋಲು ಕಣ್ಣಿಗೆ ಕಾಣುವುದು.

ಈಗ ನಿಮ್ಮ ತೊಟ್ಟಿಮನೆಯ ಅಡುಗೆಕೋಣೆಯ ಮಾಡು ನೋಡಿ. ಮಲೆನಾಡಿನ ಹಳೆಯ ಮನೆಯಾದರೆ ಹೆಂಚುಗಳ ನಡುವೆ ಒಂದೆರಡು ಗಾಜಿನ ಹೆಂಚು ಇದ್ದೇ ಇರುತ್ತದೆ, ಕೆಳಗೆ ಒಲೆಯೂ ಇರುತ್ತದೆ. ಮೂರ್ತಿಯವರು ಕಷ್ಟಪಟ್ಟು ಒದಗಿಸಿಕೊಂಡದ್ದು ನಿಮಗೆ ಆ ಅಜ್ಜಿಯ ಅಡುಗೆಮನೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಅದು ಸಿಗುವುದು ಹಗಲಲ್ಲಿ. ನಿಮ್ಮ ಕಥೆ ರಾತ್ರಿಯದು.

ನನ್ನ ಮಾತು ಕೇಳುವುದಾದರೆ ಕಥೆಯನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ತನ್ನಿ. ಮೊಬೈಲಿನ ಪುಟ್ಟ ಸೆನ್ಸರ್ ಕತ್ತಲಲ್ಲಿ ಕಾಳುಕಾಳಾದ ಚಿತ್ರ ಕೊಡುತ್ತದೆ. ದೀಪ ಬಾಡಿಗೆಗೆ ತಂದರೆ ಹಳೆಯ ಮನೆಯ ವೈರಿಂಗ್ ತಡೆಯುತ್ತದೋ ಇಲ್ಲವೋ. ಅಲ್ಲದೆ ಕೊನೆಯ ರಾತ್ರಿ ಎಂದ ಕೂಡಲೇ ಲಾಟೀನು, ಕಣ್ಣೀರು, ಹಿನ್ನೆಲೆಯಲ್ಲಿ ಕೊಳಲು ತಾವಾಗಿಯೇ ಬಂದು ಕೂರುತ್ತವೆ. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಇವತ್ತು ಮಧ್ಯಾಹ್ನ ಅಜ್ಜಿ ಎಂದಿನಂತೆ ಹಪ್ಪಳ ಒಣಗಿಸುತ್ತಿದ್ದಾಳೆ ಎಂದರೆ ನನಗೆ ಹೆಚ್ಚು ಕುತೂಹಲ.

ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ಉದಾಹರಣೆ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956). ಅದರಲ್ಲಿರುವ ಕಾಶಿಯ ಮನೆಯ ಅಂಗಳ ನಿಜವಾದದ್ದಲ್ಲ, ಕಲ್ಕತ್ತೆಯ ಸ್ಟುಡಿಯೊದಲ್ಲಿ ಕಟ್ಟಿದ ಸೆಟ್. ಎತ್ತರದ ಗೋಡೆಗಳ ನಡುವಿನ ಅಂಗಳಕ್ಕೆ ಬೆಳಕು ಬರುವುದು ಮೇಲಿನ ಆಕಾಶದಿಂದ ಮಾತ್ರ, ಅದಕ್ಕೆ ಗಟ್ಟಿ ನೆರಳಿರುವುದಿಲ್ಲ. ನೇರವಾಗಿ ದೀಪ ಬಿಟ್ಟರೆ ಒಬ್ಬೊಬ್ಬರಿಗೂ ಎರಡು ಮೂರು ನೆರಳು. ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದರತ್ತ ತಿರುಗಿಸಿ, ಅಲ್ಲಿಂದ ಮರಳಿ ಬೀಳುವ ಮೆದು ಬೆಳಕಿನಲ್ಲಿ ಚಿತ್ರಿಸಿದರು. ನಿಮ್ಮ ತೊಟ್ಟಿಗೆ ನಿಜವಾದ ಆಕಾಶವೇ ಇದೆ. ನಿಮ್ಮ ತೊಂದರೆ ಅದರ ತಿರುವುಮುರುವು: ಬೆಳಿಗ್ಗೆ ಹತ್ತಕ್ಕೆ ಪಡುಗೋಡೆಯ ಮೇಲಿದ್ದ ಬಿಸಿಲು ಮೂರು ಗಂಟೆಗೆ ಮೂಡುಗೋಡೆಗೆ ಹೋಗಿರುತ್ತದೆ, ಅಜ್ಜಿ ಮಾತ್ರ ಇನ್ನೂ ಅದೇ ಹಪ್ಪಳ ತಿರುವುತ್ತಿರುತ್ತಾಳೆ. ತೊಟ್ಟಿಯ ಬಾಯಿಗೆ ಎರಡು ಬಿಳಿ ಪಂಚೆ ಬಿಗಿದು ಕಟ್ಟಿ. ಮಿತ್ರರ ಬಟ್ಟೆ ಕೆಳಗಿನ ಬೆಳಕನ್ನು ಹಿಂದಿರುಗಿಸಿತು, ನಿಮ್ಮದು ಮೇಲಿನ ಬಿಸಿಲನ್ನು ಸೋಸುತ್ತದೆ. ಇಬ್ಬರಿಗೂ ಬೇಕಿದ್ದದ್ದು ನೆರಳಿಲ್ಲದ ಬೆಳಕು. ನಿಮ್ಮ ಚಿತ್ರ ನೋಡಿ ಯಾರೂ ‘ರಾಯ್ ನಕಲು’ ಎನ್ನಲಾರರು, ಆದರೆ ನೀವು ಕಲಿತದ್ದು ಅಲ್ಲಿಂದಲೇ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣವಿದೆ. ಹೆಸರಾಂತ ತಂತ್ರಗಳಲ್ಲಿ ಬಹುಪಾಲು ಯಾವುದೋ ಒಂದು ತೊಡಕಿಗೆ ಸಿಕ್ಕ ಪರಿಹಾರಗಳು. ಆ ತೊಡಕು ನಿಮಗೂ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಆ ತಂತ್ರವನ್ನು ಬಿಡಿ. ಓಝು ಕ್ಯಾಮೆರಾವನ್ನು ತೀರ ಕೆಳಗಿಟ್ಟರು, ಬಹುತೇಕ ಒಂದೇ 50 ಎಂ.ಎಂ. ಲೆನ್ಸ್ ಬಳಸಿದರು. ‘ಟೋಕಿಯೊ ಸ್ಟೋರಿ’ಯ (1953) ಜನ ನೆಲದ ಮೇಲೆ ಕೂತು ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ, ಮಾತೆಲ್ಲ ಅಲ್ಲಿಯೇ. ನಿಮ್ಮ ಅಜ್ಜಿ ಚಾಪೆ ಹಾಸಿ ಕೂರುವವಳಾದರೆ ಕ್ಯಾಮೆರಾ ಕೆಳಗಿಳಿಸಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವಳನ್ನು ಅಷ್ಟು ಕೆಳಗಿನಿಂದ ತೆಗೆದರೆ ಮೊಣಕಾಲೇ ಕಥಾನಾಯಕ. ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ ಇದೆ: ಈ ಮಧ್ಯಾಹ್ನವನ್ನು ಯಾರ ಕಣ್ಣಿನಿಂದ ನೋಡುತ್ತಿದ್ದೀರಿ? ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಇದೊಂದಕ್ಕಾಗಿಯೇ ತಂಡವೆಲ್ಲ ಕೂತು ನೋಡಿ. ಯಮುನಕ್ಕನ ಬಾಳು ಒಡೆಯುವುದನ್ನು ನಾವು ನೋಡುವುದು ನಾಣಿ ಎಂಬ ಹುಡುಗನ ಜೊತೆ ನಿಂತು. ಅವನಿಗೆ ಅರ್ಥವಾಗದ್ದು ನಮಗೆ ಆಗುತ್ತದೆ, ಚಿತ್ರದ ತೂಕವೆಲ್ಲ ಆ ಅಂತರದಲ್ಲಿದೆ. ನಿಮ್ಮ ಮೊಮ್ಮಗಳು ಎಂಟು ವರ್ಷದವಳೋ ಇಪ್ಪತ್ತರವಳೋ? ಇದು ತೀರ್ಮಾನವಾಗದೆ ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕು ಎಂದು ಜಗಳವಾಡುವುದು ವ್ಯರ್ಥ.

ಕಿಯರೊಸ್ತಮಿ ಎಂದವನಿಗೆ ಅವರ ಮೊದಲ ಕಿರುಚಿತ್ರ ‘ಬ್ರೆಡ್ ಆ್ಯಂಡ್ ಆ್ಯಲಿ’ (1970) ತೋರಿಸಿ. ಅದೂ ಸುಮಾರು ಹತ್ತು ನಿಮಿಷದ್ದು. ರೊಟ್ಟಿ ಹಿಡಿದು ಮನೆಗೆ ಹೊರಟ ಹುಡುಗ, ಓಣಿಯಲ್ಲಿ ಅಡ್ಡ ನಿಂತ ನಾಯಿ, ಮಾತಿಲ್ಲವೆಂದೇ ಹೇಳಬಹುದು. ಹುಡುಗ, ನಾಯಿ ಇಬ್ಬರೂ ಒಂದೇ ಶಾಟ್‌ನಲ್ಲಿ ಬರಬೇಕೆಂದು ಕಿಯರೊಸ್ತಮಿ ಹಟ ಹಿಡಿದರು. ಬಿಡಿಬಿಡಿಯಾಗಿ ತೆಗೆದು ಜೋಡಿಸೋಣ ಎನ್ನುತ್ತಿದ್ದ ಛಾಯಾಗ್ರಾಹಕರು ಗೊಣಗುತ್ತಲೇ ಇದ್ದರು. ಆ ಶಾಟ್ ಸಿಗಲು ವಾರಗಟ್ಟಲೆ ಕಾಯಬೇಕಾಯಿತು. ನಿಮಗಿರುವುದು ಎರಡು ದಿನ. ಕಥೆಯನ್ನು ಎಷ್ಟು ಚಿಕ್ಕದಾಗಿಸಬಹುದು ಎಂಬುದನ್ನು ಅವರಿಂದ ಕಲಿಯಿರಿ, ಕಾಯುವುದನ್ನು ಸದ್ಯಕ್ಕೆ ಬಿಡಿ. ಸಮಯ ಕಡಿಮೆ ಇದ್ದಾಗ ಮಾದರಿ ಕ್ರಿಸ್ಟೊಫರ್ ನೋಲನ್ ಅವರ ‘ಫಾಲೋಯಿಂಗ್’ (1998). ಫಿಲ್ಮ್‌ಗೆ ದುಡ್ಡಿಲ್ಲದ್ದರಿಂದ ನಟರಿಗೆ ಮೊದಲೇ ಚೆನ್ನಾಗಿ ತಾಲೀಮು ಕೊಟ್ಟು, ಒಂದೆರಡು ಟೇಕ್‌ನಲ್ಲೇ ದೃಶ್ಯ ಮುಗಿಸುತ್ತಿದ್ದರು. ನೀವೂ ತಾಲೀಮನ್ನು ಹಾಸ್ಟೆಲಿನಲ್ಲಿ ಮುಗಿಸಿಕೊಂಡೇ ಆ ಮನೆಯ ಹೊಸಿಲು ದಾಟಿ.

ನೋಡಿ ಕಲಿಯುವುದಕ್ಕೂ ಒಂದು ಕ್ರಮವಿದೆ. ಹತ್ತು ಸಿನಿಮಾ ಬೇಡ, ಮೂರು ನಿಮಿಷದ ಒಂದು ದೃಶ್ಯ ಸಾಕು. ಧ್ವನಿ ಮುಚ್ಚಿ ನೋಡುತ್ತ ಪ್ರತಿ ಕಟ್‌ಗೂ ನಿಲ್ಲಿಸಿ ಬರೆಯಿರಿ: ಫ್ರೇಮಿನಲ್ಲಿ ಯಾರು, ಎಷ್ಟು ಹತ್ತಿರ, ಬೆಳಕು ಯಾವ ಕಡೆಯಿಂದ, ಇಲ್ಲೇ ಯಾಕೆ ಕತ್ತರಿಸಿದರು. ಪಕ್ಕದಲ್ಲಿ ಕೋಣೆಯ ನಕ್ಷೆ ಹಾಕಿ ಕ್ಯಾಮೆರಾ ನಿಂತ ಜಾಗಗಳನ್ನು ಗುರುತಿಸಿ. ಹತ್ತು ಜಾಗ ಎಂದುಕೊಂಡದ್ದು ನಕ್ಷೆಯಲ್ಲಿ ಮೂರಕ್ಕೆ ಇಳಿದೀತು. ಆಮೇಲೆ ಚಿತ್ರ ಮುಚ್ಚಿ ಧ್ವನಿ ಮಾತ್ರ ಕೇಳಿ. ಬೇಕಿದ್ದರೆ ಆ ದೃಶ್ಯವನ್ನೇ ನಿಮ್ಮ ಮೊಬೈಲಿನಲ್ಲಿ ಯಥಾವತ್ತಾಗಿ ಮರುಚಿತ್ರಿಸಿ. ಅದು ಸರಳೆ ವರಸೆ ಇದ್ದ ಹಾಗೆ, ಮನೆಯಲ್ಲಿ ಹಾಡಿಕೊಳ್ಳುವಂಥದ್ದು, ಕಚೇರಿಗೆ ತರುವಂಥದ್ದಲ್ಲ. ಗಸ್ ವ್ಯಾನ್ ಸ್ಯಾಂಟ್ ತಂದರು: ಹಿಚ್‌ಕಾಕ್ ಅವರ ‘ಸೈಕೋ’ವನ್ನು (1960) ಹೆಚ್ಚುಕಡಿಮೆ ಶಾಟ್ ಬೈ ಶಾಟ್ 1998ರಲ್ಲಿ ಬಣ್ಣದಲ್ಲಿ ಮತ್ತೆ ತೆಗೆದರು. ಚೌಕಟ್ಟೆಲ್ಲ ಹಾಗೇ ಇದೆ, ಭಯ ಎಲ್ಲೋ ಸೋರಿಹೋಗಿದೆ.

ರಾಯ್ ನಿರ್ದೇಶಕರಾಗುವ ಮೊದಲು ಮಾಡುತ್ತಿದ್ದ ಅಭ್ಯಾಸ ಇದಕ್ಕಿಂತ ಚುರುಕಾದದ್ದು. ಯಾವುದೋ ಕಥೆ ಸಿನಿಮಾ ಆಗಲಿದೆ ಎಂದು ಸುದ್ದಿ ಬಂದರೆ ಅದಕ್ಕೆ ತಾವೇ ಚಿತ್ರಕಥೆ ಬರೆದಿಟ್ಟು, ಸಿನಿಮಾ ಬಂದ ಮೇಲೆ ಹೋಲಿಸಿ ನೋಡುತ್ತಿದ್ದರು. ನೀವು ‘ಘಟಶ್ರಾದ್ಧ’ ನೋಡುವ ಮೊದಲು ಅನಂತಮೂರ್ತಿಯವರ ಕಥೆ ಓದಿ, ಒಂದು ದೃಶ್ಯವನ್ನು ಐವರೂ ಬೇರೆಬೇರೆಯಾಗಿ ಬರೆದುಕೊಂಡು, ಆಮೇಲೆ ಚಿತ್ರ ಹಾಕಿ. ಕಾಸರವಳ್ಳಿ ಎಲ್ಲಿ ನಿಮ್ಮಿಂದ ಬೇರೆಯಾದರೋ ಅಲ್ಲಿ ನಿಮಗೆ ಪಾಠವಿದೆ. ಅಪರೂಪಕ್ಕೆ ನಿಮ್ಮದೇ ಚೆನ್ನಾಗಿದೆ ಎನಿಸಲೂಬಹುದು, ನಾಚಿಕೊಳ್ಳಬೇಡಿ.

ಚಿತ್ರಕಥೆಗೆ ಕೂರುವ ಮೊದಲು ಆ ಮನೆಯಲ್ಲಿ ಏನೇನಿದೆ ಎಂಬ ಪಟ್ಟಿ ಮಾಡಿ. ರಾಬರ್ಟ್ ರಾಡ್ರಿಗೆಸ್ ಸುಮಾರು 7,000 ಡಾಲರಿನಲ್ಲಿ ‘ಎಲ್ ಮರಿಯಾಚಿ’ (1992) ಮಾಡಿದಾಗ ಕೈಗೆ ಸಿಗುವ ಬಸ್ಸು, ನಾಯಿ, ಆಮೆ ಇವನ್ನೇ ಕಥೆಯೊಳಗೆ ತಂದರು. ಒರಳು, ಬಾವಿಯ ರಾಟೆ, ಅಟ್ಟದ ಏಣಿ, ಗೋಡೆಯ ಮೇಲೆ ಫೋಟೊ ತೆಗೆದ ಗುರುತು, ಎಲ್ಲ ಬರೆದುಕೊಳ್ಳಿ. ಮನೆಯವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಕೊನೆಗೆ ಕ್ಯಾಮೆರಾ. ಹಗಲಿನ ಚಿತ್ರವಾದರೆ ಮೊಬೈಲ್ ಧಾರಾಳ ಸಾಕು. ಎಕ್ಸ್‌ಪೋಷರ್ ಮತ್ತು ಫೋಕಸ್ ಲಾಕ್ ಮಾಡಿ, ಸ್ಟ್ಯಾಂಡ್ ಮೇಲಿಡಿ, ಡಿಜಿಟಲ್ ಝೂಮ್ ಮುಟ್ಟಬೇಡಿ. ವಿದ್ಯಾರ್ಥಿ ಚಿತ್ರಗಳು ಸೋಲುವುದು ಹೆಚ್ಚಾಗಿ ಧ್ವನಿಯಲ್ಲಿ. ರಾಡ್ರಿಗೆಸ್ ಅವರ ಕ್ಯಾಮೆರಾ ಗಡಗಡ ಸದ್ದು ಮಾಡುತ್ತಿತ್ತು. ಹಾಗಾಗಿ ಶಾಟ್ ಮುಗಿದ ಕೂಡಲೇ ನಟರಿಂದ ಅದೇ ಮಾತು ಮತ್ತೆ ಹೇಳಿಸಿ, ಟೇಪ್ ರೆಕಾರ್ಡರಿನಲ್ಲಿ ಹತ್ತಿರದಿಂದ ಹಿಡಿಯುತ್ತಿದ್ದರು. ನೀವೂ ಹಾಗೇ ಇನ್ನೊಂದು ಮೊಬೈಲನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದು ಪ್ರತಿ ಮಾತನ್ನೂ ಮರುದಾಖಲಿಸಿಕೊಳ್ಳಿ. ಕ್ಯಾಮೆರಾ ಬಾಡಿಗೆಗೆಂದು ಎತ್ತಿಟ್ಟ ಹಣವಿದ್ದರೆ ಕಾಲರಿಗೆ ಸಿಕ್ಕಿಸುವ ಎರಡು ಮೈಕ್ ತನ್ನಿ, ಉಳಿದದ್ದು ಐವರ ಊಟಕ್ಕೆ.