ಏಪ್ರಿಲ್ ಹಿಮ, ಮುಂದಿನ ಚಳಿಗಾಲದ ಬಿಲ್ಲು

ಟೆಕ್ಸಸ್‌ನಲ್ಲಿ ಸ್ಕೀ ಮಾಡುವಂಥ ಬೆಟ್ಟ ಒಂದೂ ಇಲ್ಲ. ಆದರೂ ಮಾರ್ಚ್ ನಡುವಿನ ಸ್ಪ್ರಿಂಗ್ ಬ್ರೇಕ್ ವಾರದಲ್ಲಿ ನ್ಯೂ ಮೆಕ್ಸಿಕೊದ ರೆಡ್ ರಿವರ್, ಏಂಜಲ್ ಫೈರ್, ಟಾವೋಸ್‌ನಿಂದ ಹಿಡಿದು ಕೊಲೊರಾಡೊದ ವುಲ್ಫ್ ಕ್ರೀಕ್, ಬ್ರೆಕೆನ್‌ರಿಜ್ ತನಕ ಪಾರ್ಕಿಂಗ್ ಜಾಗದ ತುಂಬ ಟೆಕ್ಸಸ್ ನಂಬರ್ ಪ್ಲೇಟುಗಳೇ. ಶಾಲೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ವಾರ ರಜೆ, ಎಲ್ಲರೂ ಒಟ್ಟಿಗೇ ಹೊರಡುತ್ತಾರೆ, ಬೆಟ್ಟದವರು ಹೇಳಿದ್ದೇ ಬೆಲೆ. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿ, ಐ-10 ಹೆದ್ದಾರಿಯ ಇಕ್ಕೆಲದ ಎಣ್ಣೆ ಕಂಪನಿಗಳ ಕಚೇರಿಗಳಲ್ಲಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಬೇಡಿಕೆ, ಪೂರೈಕೆಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನಮ್ಮ ಗುಂಪು ಸ್ಪ್ರಿಂಗ್ ಬ್ರೇಕ್ ಬಿಟ್ಟು ಸೀಸನ್ನಿನ ಬಾಲ ಹಿಡಿಯುತ್ತದೆ. ಏಪ್ರಿಲ್‌ನ ಗುಡ್ ಫ್ರೈಡೆ, ಅದರ ಹಿಂದೆ ಮುಂದೆ ಒಂದೆರಡು ದಿನ ರಜೆ.

ಗುಂಪು ಎಂದರೆ ದಾವಣಗೆರೆಯ ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಅಕ್ಕಪಕ್ಕದ ರೂಮಿನವರು. ಒಬ್ಬ ಡಲ್ಲಾಸ್‌ನಲ್ಲಿ, ಒಬ್ಬ ಆಸ್ಟಿನ್‌ನಲ್ಲಿ, ನಾನು ಹ್ಯೂಸ್ಟನ್ನಿನ ಕೇಟಿ ಕಡೆ, ಜೊತೆಗೆ ಇನ್ನೂ ಮದುವೆಯಾಗದ ಒಬ್ಬ. ಡಲ್ಲಾಸಿನವನು ಹೆಂಡತಿ, ಮಕ್ಕಳು, ಕುಕ್ಕರು ಸಮೇತ 287ನೇ ಹೆದ್ದಾರಿ ಹಿಡಿದು ಅಮರಿಲ್ಲೊದಲ್ಲಿ ರಾತ್ರಿ ತಂಗಿ ಕಾರಿನಲ್ಲೇ ಬರುತ್ತಾನೆ. ಉಳಿದವರು ಡೆನ್ವರ್‌ಗೆ ವಿಮಾನ.

ಸೀಸನ್ ಕೊನೆ ಅಗ್ಗ ಎನ್ನುವ ಮಾತು ಅರ್ಧ ನಿಜ. ಅಗ್ಗವಾಗುವುದು ಮುಖ್ಯವಾಗಿ ಮನೆ ಬಾಡಿಗೆ. ಮಾರ್ಚ್‌ನಲ್ಲಿ ನಾವು ವಿಚಾರಿಸಿದ್ದ ಮನೆಯೇ ಏಪ್ರಿಲ್‌ನಲ್ಲಿ ಅರ್ಧದಷ್ಟಕ್ಕೆ ಸಿಕ್ಕಿತ್ತು. ಆದರೆ ಅದರ ಕೆಳಗೆ ಬರೆದಿರುವ ಕ್ಲೀನಿಂಗ್ ಫೀ ಒಂದು ಡಾಲರೂ ಇಳಿದಿರಲಿಲ್ಲ. ಮೂರು ರಾತ್ರಿಗೂ ಅಷ್ಟೇ, ಏಳು ರಾತ್ರಿಗೂ ಅಷ್ಟೇ. ಹೀಗಾಗಿ ಎರಡು ರಾತ್ರಿಗೆಂದು ಹೋದವರಿಗೆ ಸೀಸನ್ ಕೊನೆಯ ರಿಯಾಯಿತಿಯೆಲ್ಲ ಆ ಒಂದು ಸಾಲಿನಲ್ಲೇ ಕರಗಿಹೋಗುತ್ತದೆ. ರಾತ್ರಿಯ ದರ ನೋಡಿ ಮನೆ ಆರಿಸಬೇಡಿ. ತೆರಿಗೆ, ಫೀ ಎಲ್ಲ ಸೇರಿದ ಕೊನೆಯ ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ ನೋಡಿ.

ಹಿಮವೂ ಪೂರ್ತಿ ದಿನದ್ದಲ್ಲ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಹೋದರೆ ರಾತ್ರಿ ಹೆಪ್ಪುಗಟ್ಟಿದ ಮಂಜುಗಡ್ಡೆ, ಮಧ್ಯಾಹ್ನ ಎರಡರ ಮೇಲೆ ರಾಗಿ ಅಂಬಲಿ. ನಡುವಿನ ಮೂರು ತಾಸು ಮಾತ್ರ ಸೊಗಸು. ಇಡೀ ದಿನದ ಲಿಫ್ಟ್ ಟಿಕೆಟ್ ಕೊಂಡು ಮೂರು ತಾಸು ಜಾರಿದರೆ ತಾಸಿಗೆ ಎಷ್ಟು ಬಿತ್ತು ಎಂದು ಆಸ್ಟಿನ್ನಿನ ಗೆಳೆಯ ಲಿಫ್ಟ್ ಕುರ್ಚಿಯಲ್ಲಿ ಕೂತೇ ಲೆಕ್ಕ ಹಾಕುತ್ತಾನೆ. ಪಕ್ಕದಲ್ಲಿ ಕೂತವರ ಸಂತೋಷ ಹಾಳುಮಾಡುವ ಅಭ್ಯಾಸವದು, ಆದರೆ ಲೆಕ್ಕ ಸರಿಯಾಗಿಯೇ ಇರುತ್ತದೆ.

ಈಸ್ಟರ್ ಯಾವಾಗ ಬರುತ್ತದೆ ಎನ್ನುವುದೂ ಜೇಬಿನ ವಿಷಯವೇ. 2025ರಲ್ಲಿ ಅದು ಏಪ್ರಿಲ್ 20ಕ್ಕೆ, 2026ರಲ್ಲಿ ಏಪ್ರಿಲ್ 5ಕ್ಕೆ. ಬೇಗ ಬಂದರೆ ಹೆಚ್ಚಿನ ಬೆಟ್ಟಗಳು ತೆರೆದಿರುತ್ತವೆ, ದರವೂ ಇಳಿದಿರುವುದಿಲ್ಲ. ತಡವಾದರೆ ನ್ಯೂ ಮೆಕ್ಸಿಕೊದವು ಬಾಗಿಲು ಹಾಕಿರುತ್ತವೆ. ಮೇ ತನಕ ಎಳೆಯುವ ಬ್ರೆಕೆನ್‌ರಿಜ್, ಜೂನ್‌ವರೆಗೂ ಹಿಮ ಉಳಿಸಿಕೊಳ್ಳುವ ಅರಾಪಹೋ ಬೇಸಿನ್‌ನಂಥ ಎತ್ತರದ ಬೆಟ್ಟಗಳೇ ಗತಿ. ಮಕ್ಕಳ ಶಾಲೆಯನ್ನೂ ಮರೆಯುವ ಹಾಗಿಲ್ಲ. ಏಪ್ರಿಲ್ ಎಂದರೆ ರಾಜ್ಯಮಟ್ಟದ ಸ್ಟಾರ್ ಪರೀಕ್ಷೆಯ ತಿಂಗಳು. ಮೇಲಾಗಿ ಟೆಕ್ಸಸ್ ಕಾನೂನಿನ ಪ್ರಕಾರ ತರಗತಿಯ ಕ್ರೆಡಿಟ್ ಸಿಗಬೇಕಾದರೆ ಶೇ 90ರಷ್ಟು ಹಾಜರಾತಿ ಬೇಕು. ಊರಿಗೆಂದು ಡಿಸೆಂಬರ್‌ನಲ್ಲಿ ಎರಡು ವಾರ ಹೆಚ್ಚಿಗೆ ರಜೆ ಹಾಕಿಸಿದವರು ಏಪ್ರಿಲ್‌ನಲ್ಲಿ ಸುಮ್ಮನಿರುವುದು ಒಳ್ಳೆಯದು.

ಊಟದಲ್ಲಿ ಮಾತ್ರ ನಮ್ಮವರನ್ನು ಮೀರಿಸುವವರಿಲ್ಲ. ಬೆಟ್ಟದ ಮೇಲಿನ ಕೆಫೆಟೇರಿಯಾದಲ್ಲಿ ನಾಲ್ಕು ಜನ ಬರ್ಗರ್ ತಿನ್ನುವ ದುಡ್ಡಿನಲ್ಲಿ ನಮ್ಮ ಇಡೀ ಗುಂಪಿಗೆ ಎರಡು ದಿನದ ದಿನಸಿ ಬರುತ್ತದೆ. ಡಲ್ಲಾಸಿನ ಅತ್ತಿಗೆಯ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನಮ್ಮ ಮನೆಯ ಬಿಸಿಬೇಳೆಬಾತ್ ಪುಡಿ. ಬ್ರೆಕೆನ್‌ರಿಜ್ ಊರು ಇರುವುದು 9,600 ಅಡಿ ಎತ್ತರದಲ್ಲಿ. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಡಲ್ಲಾಸಿನಿಂದ ಕುಕ್ಕರ್ ಕಾರಿನಲ್ಲಿ ಬರುವುದು ಅದಕ್ಕೇ.

ಇನ್ನು ಹಂಚಿಕೆ. ಗೆಳೆಯರ ನಡುವೆ ಮನಸ್ತಾಪ ಹುಟ್ಟುವುದು ದೊಡ್ಡ ಮೊತ್ತದಿಂದಲ್ಲ, ನಿಯಮ ಮೊದಲೇ ಹೇಳದಿರುವುದರಿಂದ. ಮನೆ ಬಾಡಿಗೆಯನ್ನು ತಲೆ ಲೆಕ್ಕದಲ್ಲಿ ಹಂಚಿದರೆ ಮಕ್ಕಳಿರುವ ಮನೆಗೆ ಭಾರ. ಕುಟುಂಬದ ಲೆಕ್ಕದಲ್ಲಿ ಹಂಚಿದರೆ ಹಾಲ್‌ನಲ್ಲಿ ಸೋಫಾ ಮೇಲೆ ಮಲಗುವ ಬ್ರಹ್ಮಚಾರಿ ಬಾತ್‌ರೂಮ್ ಇರುವ ಕೋಣೆಯವರಷ್ಟೇ ಕೊಡಬೇಕು. ನಮ್ಮಲ್ಲಿ ಬಾಡಿಗೆ ಕೋಣೆಯ ಲೆಕ್ಕ, ದೊಡ್ಡ ಕೋಣೆಗೆ ಹೆಚ್ಚು, ಸೋಫಾಕ್ಕೆ ತೀರ ಕಡಿಮೆ. ದಿನಸಿ ತಲೆ ಲೆಕ್ಕ, ಹತ್ತು ವರ್ಷದೊಳಗಿನ ಮಕ್ಕಳು ಅರ್ಧ ತಲೆ. ಲಿಫ್ಟ್, ಕ್ಲಾಸು, ಸ್ಕೀ ಬಾಡಿಗೆ, ಬಿಯರು ಅವರವರದ್ದು. ಎಲ್ಲವೂ ಅವತ್ತಿನ ರಾತ್ರಿಯೇ ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್‌ಗೆ ಏರಬೇಕು, ಮನೆ ಮುಟ್ಟಿದ ವಾರದೊಳಗೆ ಹಣ ಕಳಿಸುವ ಝೆಲ್‌ನಲ್ಲಿ ತೀರಬೇಕು.

ಇದಕ್ಕಿಂತ ಮುಖ್ಯವಾದ, ಯಾವ ಆ್ಯಪ್‌ನಲ್ಲೂ ಬರದ ಇನ್ನೊಂದು ನಿಯಮವಿದೆ. ಗುಂಪಿನ ಬಜೆಟ್ ಹೇಳಬೇಕಾದದ್ದು ಎಲ್ಲರಿಗಿಂತ ಕಡಿಮೆ ಸಂಬಳದವನು, ಅದೂ ಮೊದಲು. ಸೀನಿಯರ್ ಮ್ಯಾನೇಜರ್ ಆದವನು ಮೊದಲು ಬಾಯಿ ತೆರೆದು "ಬಿಡ್ರೋ, ಹಾಟ್ ಟಬ್ ಇರೋ ಮನೇನೇ ನೋಡೋಣ, ವರ್ಷಕ್ಕೊಂದ್ಸಲ ತಾನೇ" ಎಂದುಬಿಟ್ಟರೆ ಊರಲ್ಲಿ ಮನೆ ಸಾಲ, ಇಲ್ಲಿ ಕಾರಿನ ಸಾಲ, ತಂಗಿಯ ಮದುವೆ ಇಟ್ಟುಕೊಂಡವನು "ಆಗಲಿ ಗುರು" ಎನ್ನುತ್ತಾನೆ. ಅವನ "ಆಗಲಿ" ಒಪ್ಪಿಗೆಯಲ್ಲ, ಸಂಕೋಚ. ಮುಂದಿನ ವರ್ಷ ಅವನಿಗೆ ಅದೇ ವಾರ ಏನೋ ಕೆಲಸ ಬಂದಿರುತ್ತದೆ.

ಕೊನೆಯ ದಿನಗಳ ನಿಜವಾದ ಖರ್ಚು ಬೇರೆಯೇ ಇದೆ. ಬೆಟ್ಟ ಮುಚ್ಚುವ ಹೊತ್ತಿಗೆ ಬೆಟ್ಟದವರು ಮಾರುತ್ತಿರುವುದು ಈ ವರ್ಷದ ಹಿಮವನ್ನಲ್ಲ, ಮುಂದಿನ ವರ್ಷದ್ದನ್ನು. ಈ ವ್ಯಾಪಾರದ ಸ್ವರೂಪ ಬದಲಾದದ್ದು 2008ರಲ್ಲಿ. ವೇಲ್ ರೆಸಾರ್ಟ್ಸ್ ಕಂಪನಿ 579 ಡಾಲರ್‌ಗೆ ಎಪಿಕ್ ಪಾಸ್ ತಂದಿತು: ಚಳಿಗಾಲಕ್ಕೆ ಮೊದಲೇ ದುಡ್ಡು ಕೊಡಿ, ಸೀಸನ್ ಪೂರ್ತಿ ಜಾರಿ. ಹಿಮ ಬೀಳಲಿ ಬಿಡಲಿ, ಕಂಪನಿಯ ಕೈಗೆ ಹಣ ಮೊದಲೇ ಬಂತು. 2018ರಲ್ಲಿ ಎದುರಾಳಿಯಾಗಿ ಐಕಾನ್ ಪಾಸ್ ಬಂತು. ಒಂದು ಕಡೆ ಪಾಸಿನತ್ತ ತಳ್ಳಲು ಕಿಟಕಿಯಲ್ಲಿ ಕೊಳ್ಳುವ ದಿನದ ಟಿಕೆಟ್ಟನ್ನು ಏರಿಸುತ್ತ ಹೋದರು. ವೇಲ್ ಬೆಟ್ಟದಲ್ಲಿ ಜನ ಹೆಚ್ಚಿರುವ ದಿನಗಳ ಟಿಕೆಟ್ 300 ಡಾಲರ್ ದಾಟಿದೆ. ಇನ್ನೊಂದು ಕಡೆ ಪಾಸೂ ಏರಿತು. 2025-26ರ ಸೀಸನ್ನಿಗೆ ಎಪಿಕ್ ಪಾಸ್ ಶುರುವಾದದ್ದೇ 1,051 ಡಾಲರ್‌ನಿಂದ. ಮಾರಾಟ ತೆರೆಯುವುದು ಮಾರ್ಚ್‌ನಲ್ಲಿ, ಅಂದರೆ ನೀವಿನ್ನೂ ಬೆಟ್ಟದ ಮೇಲಿರುವಾಗಲೇ. ಬೇಸಿಗೆ ಕಳೆಯುತ್ತಿದ್ದಂತೆ ಹಂತ ಹಂತವಾಗಿ ಬೆಲೆ ಏರಿ, ಡಿಸೆಂಬರ್ ಮೊದಲ ಭಾಗದಲ್ಲಿ ಮಾರಾಟವೇ ನಿಲ್ಲುತ್ತದೆ.

ಗಾಳಕ್ಕೆ ಕಟ್ಟುವ ಹುಳು 49 ಡಾಲರ್ ಮುಂಗಡ. "ಲೋ, ನಲವತ್ತೊಂಬತ್ತು ಕಣೋ, ಒಂದು ಪಿಜ್ಜಾ ದುಡ್ಡು" ಎಂದು ಬಿಸಿಲಿಗೆ ಮುಖ ಕೆಂಪಾದ ಗೆಳೆಯ ಫೋನ್ ತೆಗೆಯುವುದು ಸೀಸನ್ನಿನ ಕೊನೆಯ ಓಟ ಮುಗಿದ ಆ ಗಳಿಗೆಯಲ್ಲೇ. ಉಳಿದ ಸಾವಿರ ಸೆಪ್ಟೆಂಬರ್‌ನಲ್ಲಿ ಅದೇ ಕಾರ್ಡಿಗೆ ತಾನಾಗಿ ಬಂದು ಬೀಳುತ್ತದೆ. ಮಕ್ಕಳ ಪಾಸ್ ದೊಡ್ಡವರದರ ಸುಮಾರು ಅರ್ಧ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಮೂರು ಸಾವಿರ ಡಾಲರ್ ದಾಟಿತು. ಇಬ್ಬರಿಗೆ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿಬರುವ ವಿಮಾನದ ಟಿಕೆಟ್ ಬಹುಪಾಲು ಅಷ್ಟರಲ್ಲಿ ಆಗುತ್ತದೆ.

ಡೆನ್ವರ್‌ನಲ್ಲಿ ಮನೆಯಿರುವವನಿಗೆ ಈ ಪಾಸ್ ಲಾಭವೇ. ಶನಿವಾರ ಬೆಳಿಗ್ಗೆ ಎದ್ದು ಹೊರಟರಾಯಿತು. ಹ್ಯೂಸ್ಟನ್ನಿನವನಿಗೆ ಲೆಕ್ಕ ಬೇರೆ. 1,051ನ್ನು ನಾಲ್ಕು ದಿನಕ್ಕೆ ಭಾಗಿಸಿದರೆ ದಿನಕ್ಕೆ 263 ಡಾಲರ್. ಅದೇ ಕಂಪನಿ ದಿನದ ಎಣಿಕೆಯ ಪಾಸೂ ಮಾರುತ್ತದೆ: ಎಷ್ಟು ದಿನ ಬೇಕೋ ಅಷ್ಟು, ಮುಂಚಿತವಾಗಿ ಕೊಂಡರೆ ಕಿಟಕಿ ದರದ ಅರ್ಧಕ್ಕೂ ಕಡಿಮೆ. ವರ್ಷದಲ್ಲಿ ನಾಲ್ಕೈದು ದಿನ ಮಾತ್ರ ಹಿಮ ತುಳಿಯುವ ಟೆಕ್ಸಸ್ ಕುಟುಂಬಕ್ಕೆ ಅದೇ ಸರಿ. "ಅನ್‌ಲಿಮಿಟೆಡ್" ಎಂಬ ಪಾಸ್ ಕೊಂಡ ಮಾತ್ರಕ್ಕೆ ನಿಮ್ಮ ರಜೆ ಅನ್‌ಲಿಮಿಟೆಡ್ ಆಗುವುದಿಲ್ಲ.

ಅದಲ್ಲದೆ ನಮ್ಮ ಹ್ಯೂಸ್ಟನ್ನಿನಲ್ಲಿ ಮುಂದಿನ ವರ್ಷ ಎಂಬುದನ್ನೇ ಯಾರೂ ಗ್ಯಾರಂಟಿ ಕೊಡುವುದಿಲ್ಲ. 2014ರ ನಡುವಿನಲ್ಲಿ ನೂರು ಡಾಲರ್ ಮೇಲಿದ್ದ ಕಚ್ಚಾ ಎಣ್ಣೆ 2016ರ ಆರಂಭಕ್ಕೆ ಮೂವತ್ತಕ್ಕಿಂತ ಕೆಳಗೆ ಬಂದಾಗ ಕಾರಿಡಾರ್‌ನ ಎಷ್ಟೋ ಕ್ಯೂಬಿಕಲ್‌ಗಳು ಖಾಲಿಯಾದವು. 2020 ಇನ್ನೂ ವಿಚಿತ್ರ. ಮಾರ್ಚ್ 14ರಂದು ಕೊರೊನಾ ಕಾರಣಕ್ಕೆ ಕೊಲೊರಾಡೊ ಗವರ್ನರ್ ಸ್ಕೀ ಬೆಟ್ಟಗಳನ್ನು ಮುಚ್ಚಿಸಿದರು. ಏಪ್ರಿಲ್ 20ರಂದು ಟೆಕ್ಸಸ್ ಎಣ್ಣೆಯ ಫ್ಯೂಚರ್ಸ್ ಬೆಲೆ ಮೈನಸ್ 37.63 ಡಾಲರ್‌ಗೆ ಇಳಿಯಿತು. ಆರು ವಾರದೊಳಗೆ ರಜೆಯ ಜಾಗವೂ ಹೋಯಿತು, ರಜೆಗೆ ದುಡ್ಡು ಕೊಡುವ ಸರಕೂ ಹೋಯಿತು. ಆ ವರ್ಷವೇ ಎಪಿಕ್ ಪಾಸಿನ ಜೊತೆಗೆ ಎಪಿಕ್ ಕವರೇಜ್ ಎಂಬ ಮರುಪಾವತಿ ವ್ಯವಸ್ಥೆ ಬಂದದ್ದು. ಗಾಯ, ಕಾಯಿಲೆ, ಕೆಲಸ ಹೋಗುವುದು, ಇವಕ್ಕೆ ಷರತ್ತಿನ ಮೇಲೆ ಹಣ ವಾಪಸ್ ಸಿಗಬಹುದು. ಪಾಸ್ ಕೊಳ್ಳುವವರು ದಯವಿಟ್ಟು ಆ ಷರತ್ತುಗಳನ್ನು ಓದಿ. ಎಚ್-1ಬಿ ವೀಸಾ ಮೇಲಿರುವವರಿಗೆ ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಿಗುವುದು ಗರಿಷ್ಠ 60 ದಿನ. ಆ ಹೊತ್ತಿಗೆ ಬೇಕಾಗುವುದು ಕೈಯಲ್ಲಿ ನಗದು.

ನನ್ನ ಪದ್ಧತಿ ಇಷ್ಟು. ಬೆಟ್ಟದ ಮೇಲೆ ಏನನ್ನೂ ಕೊಳ್ಳುವುದಿಲ್ಲ. ಮನೆಗೆ ಬಂದು, ಮುಂದಿನ ವರ್ಷದ ಶಾಲಾ ಕ್ಯಾಲೆಂಡರು, ಊರಿಗೆ ಹೋಗುವ ಯೋಜನೆ, ಉಳಿದ ರಜೆ ಮೂರನ್ನೂ ಮುಂದಿಟ್ಟುಕೊಂಡು, ಮೊದಲ ಬೆಲೆ ಏರಿಕೆಯ ಗಡುವಿನ ಒಳಗೆ ತೀರ್ಮಾನ. ಏಪ್ರಿಲ್‌ನಲ್ಲೇ ಕೊಂಡವನಿಗೂ ನನಗೂ ಬೆಲೆಯಲ್ಲಿ ವ್ಯತ್ಯಾಸ ಸೊನ್ನೆ.

ಬಟ್ಟೆ, ಸಾಮಾನಿನ ಮಾತು ಬೇರೆ. ಸೀಸನ್ ಕೊನೆಯಲ್ಲಿ ಅದನ್ನು ಕೊಳ್ಳುವುದು ನಿಜಕ್ಕೂ ಜಾಣತನ. ಬೆಟ್ಟದ ಊರಿಗೇ ಹೋಗಬೇಕೆಂದಿಲ್ಲ. ಕೇಟಿ ಮಿಲ್ಸ್ ಮಾಲ್‌ನ ಸನ್ ಆ್ಯಂಡ್ ಸ್ಕೀ ಅಂಗಡಿಯಲ್ಲಿ, ಹೊರಗೆ ಸೆಖೆ ಶುರುವಾಗಿರುವಾಗ ಹಿಮದ ಜಾಕೆಟ್ ಕೇಳುವವರು ಯಾರು? ಹೆಲ್ಮೆಟ್, ಗಾಗಲ್ಸ್, ಗ್ಲೌಸು ಕೊಂಡುಬಿಡಿ. ಇವು ಬಾಡಿಗೆಗೆ ಒಗ್ಗುವ ವಸ್ತುಗಳಲ್ಲ. ಸ್ಕೀ ಮತ್ತು ಬೂಟು ಬಾಡಿಗೆಗೇ ಇರಲಿ. ನಾಲ್ಕು ದಿನಕ್ಕಾಗಿ ವರ್ಷವಿಡೀ ಹ್ಯೂಸ್ಟನ್ನಿನ ಗ್ಯಾರೇಜ್ ಸೆಖೆಯಲ್ಲಿ ಸ್ಕೀ ಇಟ್ಟು ತುಕ್ಕು ಹಿಡಿಸುವುದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಮಕ್ಕಳ ಜಾಕೆಟ್ಟಂತೂ ನಮ್ಮಲ್ಲಿ ಡಲ್ಲಾಸಿನ ದೊಡ್ಡವನಿಂದ ನಮ್ಮ ಮಗಳಿಗೆ, ಅವಳಿಂದ ಆಸ್ಟಿನ್ನಿಗೆ ಹೋಗುತ್ತದೆ.

ಕೊನೆಯದು, ಎಲ್ಲಕ್ಕಿಂತ ದುಬಾರಿಯದು. ಗೆಳೆಯರಲ್ಲೊಬ್ಬ ಮಧ್ಯಾಹ್ನದ ಭಾರದ ಹಿಮದಲ್ಲಿ ಮಂಡಿ ತಿರುಚಿಕೊಂಡ. ಸ್ಕೀ ಪ್ಯಾಟ್ರೋಲ್‌ನವರು ಸ್ಲೆಡ್‌ನಲ್ಲಿ ಮಲಗಿಸಿ ಕೆಳಗೆ ತಂದರು. ಅದಕ್ಕೆ ದುಡ್ಡು ಕೇಳಲಿಲ್ಲ, ಅಮೆರಿಕದ ಹೆಚ್ಚಿನ ಬೆಟ್ಟಗಳಲ್ಲಿ ಕೇಳುವುದಿಲ್ಲ. ಲೆಕ್ಕ ಶುರುವಾಗುವುದು ಕೆಳಗೆ ಬಂದ ಮೇಲೆ. ಬಹಳಷ್ಟು ಕಂಪನಿಗಳ ಆರೋಗ್ಯ ವಿಮೆಯ ವರ್ಷ ಆರಂಭವಾಗುವುದು ಜನವರಿಗೆ. ಏಪ್ರಿಲ್‌ನಲ್ಲಿ ಬಿದ್ದವನ ಡಿಡಕ್ಟಿಬಲ್ ಇನ್ನೂ ಮುಟ್ಟದೆ ಹಾಗೇ ಇರುತ್ತದೆ, ಎಂಆರ್‌ಐ, ಎಕ್ಸ್‌ರೇ ಎಲ್ಲವೂ ಮೊದಲು ಅವನ ಜೇಬಿನಿಂದಲೇ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಕಾಯ್ದೆ ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯ ತುರ್ತು ಚಿಕಿತ್ಸೆಗೂ ಹೆಲಿಕಾಪ್ಟರ್ ಆಂಬ್ಯುಲೆನ್ಸ್‌ಗೂ ರಕ್ಷಣೆ ಕೊಡುತ್ತದೆ, ರಸ್ತೆಯ ಆಂಬ್ಯುಲೆನ್ಸ್‌ಗೆ ಕೊಡುವುದಿಲ್ಲ. ಮೂಳೆ ಮುರಿದವನನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಎಚ್‌ಎಸ್‌ಎ ಎಂಬ ಆರೋಗ್ಯ ಉಳಿತಾಯ ಖಾತೆ ಇರುವವರು ಡಿಡಕ್ಟಿಬಲ್‌ನಷ್ಟು ಹಣ ಅದರಲ್ಲಿ ಕೂಡಿದ ಮೇಲೆ ಹಿಮಕ್ಕೆ ಹೊರಡಿ ಎನ್ನುತ್ತಿದ್ದೇನೆ.

ಊರಿನಿಂದ ಬಂದ ಅಪ್ಪ ಅಮ್ಮನನ್ನು, ಬೆಂಗಳೂರಿನಿಂದ ಬಂದ ಭಾವಮೈದುನನನ್ನು ಜೊತೆಗೆ ಕರೆದೊಯ್ಯುವವರಿಗೆ ಇನ್ನೊಂದು ಮಾತು. ಅವರಿಗೆಂದು ಕೊಂಡ ವಿಸಿಟರ್ ವಿಮೆಗಳಲ್ಲಿ ಅನೇಕವು ಸ್ಕೀಯಿಂಗ್ ಅನ್ನು ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ, ಕೆಲವು ಹೆಚ್ಚುವರಿ ಕಂತು ಕಟ್ಟಿಸಿಕೊಂಡು ಒಳಗೆ ಸೇರಿಸುತ್ತವೆ. ಪಾಲಿಸಿಯ ಹೊರಗಿಟ್ಟ ಪಟ್ಟಿಯನ್ನು ಹೊರಡುವ ಮೊದಲೇ ಓದಿ. ಅಲ್ಲಿ ಸ್ಕೀ ಹೆಸರಿದ್ದರೆ ಅವರಿಗೆ ಬಿಸಿ ಕಾಫಿ, ಕಿಟಕಿ ಪಕ್ಕದ ಕುರ್ಚಿ ಕೊಡಿ, ಬಾಡಿಗೆ ಬೂಟು ಬೇಡ.